ಗುರಾಣಿಯ ಮುಖ ಕೆಡುವುದು ಬೆನ್ನಿನಿಂದ

ಮೇಜಿನ ಮೇಲಿದ್ದದ್ದು ಕಾಮಿಕ್ಸ್ ವೀರ ಕ್ಯಾಪ್ಟನ್ ಅಮೆರಿಕನ ದುಂಡು ಗುರಾಣಿಯ ತದ್ರೂಪು: ಸುತ್ತ ಕೆಂಪು, ಬಿಳಿ ಉಂಗುರಗಳು, ನಡುವೆ ನೀಲಿಯ ಮೇಲೆ ನಕ್ಷತ್ರ. ಅಲ್ಯೂಮಿನಿಯಂ ತಗಡನ್ನು ತಿರುಗಿಸುತ್ತಾ ಅಚ್ಚಿಗೆ ಒತ್ತಿ ಉಬ್ಬಿಸಿದ್ದು. ಅಡ್ಡಳತೆ 61 ಸೆಂ.ಮೀ., ಅಂದರೆ 24 ಇಂಚು. ತಗಡಿನ ದಪ್ಪ 2 ಮಿ.ಮೀ. ಚರ್ಮದ ಪಟ್ಟಿ, ಬಕಲ್, ನಟ್ಟು ಎಲ್ಲ ಸೇರಿ ತೂಕ ಎರಡು ಕೆ.ಜಿ. ಆಸುಪಾಸು. ಅದನ್ನು ಗೋಡೆಗೆ ಏರಿಸಬೇಕಿತ್ತು, ಬೇಕೆಂದಾಗ ಇಳಿಸಿ ತೋಳಿಗೂ ಬೆನ್ನಿಗೂ ತೊಡುವಂತಿರಬೇಕಿತ್ತು. ಎರಡಕ್ಕೂ ಒಂದೇ ಷರತ್ತು: ಬಣ್ಣಕ್ಕೆ ಗೀರು ಬೀಳಬಾರದು.

ನಮ್ಮ ಕೈಗೆ ಬಂದ ಗುರಾಣಿಗಳಲ್ಲಿ ಪೆಟ್ಟು ಬಿದ್ದು ಹಾಳಾದವು ಕಡಿಮೆ. ಏನೋ ಒಂದು ತಗುಲಿಕೊಂಡೇ ಇದ್ದು ಹಾಳಾದವೇ ಹೆಚ್ಚು: ಸ್ಟ್ಯಾಂಡಿನ ರಬ್ಬರು, ಬೆವರು ಕುಡಿದ ಚರ್ಮ, ಅಗತ್ಯಕ್ಕಿಂತ ಬಿಗಿದ ನಟ್ಟು, ಅಂಚಿನ ಕೆಳಗೆ ಸಿಕ್ಕ ಮರಳಿನ ಒಂದು ಕಣ. ಕೆಂಪು, ಬಿಳಿ, ನೀಲಿ ಎಲ್ಲ ಮುಂದೆ ಇದ್ದರೂ ಅವುಗಳ ಆಯುಷ್ಯ ನಿರ್ಧಾರವಾಗುವುದು ಹಿಂದೆ. ಅದಕ್ಕೇ ನಮ್ಮ ಕೆಲಸದ ಮುಕ್ಕಾಲು ಪಾಲು ಗುರಾಣಿಯ ಬೆನ್ನಿನಲ್ಲೇ ನಡೆಯಿತು.

ಪೆಟ್ಟಿಗೆಯಿಂದ ತೆಗೆದ ಮೇಲೆ ಮೊದಲು ಮೂಸಿ ನೋಡಿದೆವು. ಥಿನ್ನರ್ ವಾಸನೆ ಇನ್ನೂ ಬರುತ್ತಿದ್ದರೆ ಬಣ್ಣ ಮೇಲ್ಮೈಯಲ್ಲಿ ಮಾತ್ರ ಒಣಗಿದೆ, ಒಳಗೆ ಹಸಿಯಾಗಿಯೇ ಇದೆ ಎಂದರ್ಥ. ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಒಂದು ದಿನದಲ್ಲಿ ಮುಟ್ಟುವಷ್ಟು ಒಣಗುತ್ತದೆ, ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಹೊಸದಾಗಿ ಬಣ್ಣ ಹೊಡೆದದ್ದಾದರೆ 30 ದಿನ ಗಾಳಿಯಾಡುವ ಕಡೆ ಬರಿದಾಗಿ ಇಡುವುದು ಲೇಸು. ಚೀಲಕ್ಕೆ ಹಾಕಬಾರದು, ಮೇಣ ಹಚ್ಚಬಾರದು, ಒತ್ತಿ ಮಾಡಿದ ದಪ್ಪ ಬಟ್ಟೆಯಾದ ಫೆಲ್ಟ್ ಕೂಡ ಒತ್ತಿಕೊಂಡಿರಬಾರದು. ಹಸಿ ಬಣ್ಣದ ಮೇಲೆ ಬಬಲ್ ರ್‍ಯಾಪ್ ಸುತ್ತಿದರೆ ಗುಳ್ಳೆಗಳ ಗುರುತು ಸಾಲುಸಾಲಾಗಿ ಅಚ್ಚೊತ್ತಿ ನಿಲ್ಲುತ್ತದೆ. ಸೆಕೆಗೆ ಹಳೆಯ ಬಣ್ಣದ ಮೇಲೂ ಹಾಗಾಗುವುದುಂಟು. ಆಮೇಲೆ ಅದನ್ನು ಉಜ್ಜಿ ತೆಗೆಯಲು ಹೊರಟರೆ ಕ್ಲಿಯರ್ ಕೋಟೇ ತೆಳುವಾಗುತ್ತದೆ.

ನಮ್ಮದರಲ್ಲಿ ವಾಸನೆ ಇರಲಿಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗುರಾಣಿಯ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು, ಸುತ್ತಲೂ ತಿರುಗಿಸುತ್ತಾ ನೋಡಿದೆವು. ನೇರ ಬೆಳಕಿನಲ್ಲಿ ಕಾಣದ ಗೀರು, ತಗ್ಗು, ಮೇಲೆದ್ದ ಅಂಚು ಈ ಓರೆ ಬೆಳಕಿನಲ್ಲಿ ನೆರಳು ಬೀರಿ ಎದ್ದು ಕಾಣುತ್ತವೆ. ನಕ್ಷತ್ರವನ್ನು ಬೇರೆಯಾಗಿ ಕತ್ತರಿಸಿ ಅಂಟಿಸಿದ ಗುರಾಣಿಯಾದರೆ ಐದೂ ತುದಿಗಳನ್ನು ಒಂದೊಂದಾಗಿ ನೋಡಲೇಬೇಕು. ಕೂದಲೆಳೆಯಷ್ಟು ಎದ್ದಿದ್ದರೂ ಒರೆಸುವ ಬಟ್ಟೆಯ ನೂಲು ಅಲ್ಲಿ ಸಿಕ್ಕಿಕೊಂಡು ಎಳೆಯುತ್ತದೆ, ಮೂರನೇ ಸಲ ಒರೆಸುವ ಹೊತ್ತಿಗೆ ತುದಿ ಕಿತ್ತು ಬರುತ್ತದೆ.

ಯಾವ ವಸ್ತುವಿನದು ಎಂದು ತಿಳಿಯದೆ ಗುರಾಣಿಗೆ ಕೈ ಹಾಕಬಾರದು. ಮ್ಯಾಗ್ನೆಟ್ ಹಿಡಿದರೆ ಉಕ್ಕು. ಹಿಡಿಯದೆ, ತಣ್ಣಗಿದ್ದು, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ಗುಂಯ್ಗುಟ್ಟಿದರೆ ಅಲ್ಯೂಮಿನಿಯಂ. ಟಪ್ ಎಂದು ಬೇಗ ಸತ್ತುಹೋಗುವ ಸದ್ದಾದರೆ ಎಬಿಎಸ್ ಪ್ಲಾಸ್ಟಿಕ್ಕೋ ಫೈಬರ್‌ಗ್ಲಾಸೋ ಇರಬೇಕು. ಬೆನ್ನಿನಲ್ಲಿ ನಾರಿನ ನೇಯ್ಗೆ ಕಂಡರೆ ಫೈಬರ್‌ಗ್ಲಾಸ್. ಪದರಪದರವಾದ ಸಣ್ಣ ಗೆರೆಗಳಿದ್ದರೆ ತ್ರೀಡಿ ಪ್ರಿಂಟ್, ಬಹುತೇಕ ಪಿಎಲ್‌ಎ ಪ್ಲಾಸ್ಟಿಕ್. ಉಗುರು ಒತ್ತಿದರೆ ತಗ್ಗಾದರೆ ಇವಿಎ ಫೋಮ್. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮೆತ್ತಗಾಗತೊಡಗುತ್ತದೆ; ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಬಿಸಿಲಿಗೆ ಬಿದ್ದ ವಸ್ತು ಅಷ್ಟು ಕಾಯುವುದೇನೂ ಅಪರೂಪವಲ್ಲ. ಹಾಗೆ ಸೊಟ್ಟಗಾದ ಗುರಾಣಿ ಮತ್ತೆ ದುಂಡಗಾಗುವುದಿಲ್ಲ.

ಬೆನ್ನಿನ ಕೆಲಸಕ್ಕೆ ಗುರಾಣಿಯನ್ನು ಬೋರಲು ಹಾಕಲೇಬೇಕು. ಸಪಾಟು ಮೇಜಿನ ಮೇಲೆ ಬೋರಲು ಹಾಕಿದರೆ ಇಡೀ ಭಾರ ನಕ್ಷತ್ರದ ನಡುವಿನ ಒಂದು ಚುಕ್ಕೆಯ ಮೇಲೆ ನಿಂತು, ಗುರಾಣಿ ಬುಗುರಿಯಂತೆ ತಿರುಗುತ್ತದೆ. ಸ್ಪ್ಯಾನರ್ ತಿರುಗಿಸಿದಷ್ಟೂ ನಕ್ಷತ್ರ ಉಜ್ಜುತ್ತದೆ. ನಾವು ದೊಡ್ಡ ಟವೆಲ್ಲನ್ನು ಸಿಂಬಿ ಸುತ್ತಿ, ಮೇಲೆ ತೊಳೆದ ಮೈಕ್ರೋಫೈಬರ್ ಬಟ್ಟೆ ಹಾಸಿ, ಅದರೊಳಗೆ ಉಬ್ಬನ್ನು ಕೂರಿಸಿದೆವು. ಸಿಂಬಿಯ ಒಳ ಅಡ್ಡಳತೆ 30 ಸೆಂ.ಮೀ. ಇದ್ದರೆ ನಡುಭಾಗ ಎಲ್ಲಿಯೂ ತಾಗದೆ ತೇಲುತ್ತದೆ, ಭಾರ ಉಂಗುರದುದ್ದಕ್ಕೂ ಹಂಚಿಹೋಗುತ್ತದೆ. ಬಟ್ಟೆ ಹಾಸುವ ಮೊದಲು ಅಂಗೈಯಿಂದ ಸವರಿ ನೋಡಬೇಕು. ಒಂದು ಮರಳಿನ ಕಣವಾಗಲಿ ಲೋಹದ ಚೂರಾಗಲಿ ಇದ್ದರೆ ಸಿಂಬಿಯೇ ಉಪ್ಪುಕಾಗದವಾಗುತ್ತದೆ.

ಈ ಗುರಾಣಿಯ ಬೆನ್ನಿನಲ್ಲಿ ಎಂ5 ಅಳತೆಯ, ಅಂದರೆ 5 ಮಿ.ಮೀ. ದಪ್ಪದ ನಾಲ್ಕು ಉಕ್ಕಿನ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟುಗಳು), ತಲಾ 30 ಮಿ.ಮೀ. ಉದ್ದ. ಅಡ್ಡಕ್ಕೆ 24 ಸೆಂ.ಮೀ., ಲಂಬಕ್ಕೆ 12 ಸೆಂ.ಮೀ. ಅಂತರದ ಆಯತ. ಮೊಣಕೈ ಬಳಿಯ ಪಟ್ಟಿಗೆ ಎರಡು, ಕೈ ಹಿಡಿಕೆಗೆ ಎರಡು. ನಟ್ಟು ಬಿಚ್ಚಿದಾಗ ಕಂಡದ್ದು ಇಷ್ಟು: ಉಕ್ಕಿನ ವಾಷರ್ ನೇರವಾಗಿ ಅಲ್ಯೂಮಿನಿಯಂಗೆ ಕೂತಿತ್ತು, ಅದರ ಅಂಚು ಬಣ್ಣವನ್ನು ಉಂಗುರಾಕಾರವಾಗಿ ಕತ್ತರಿಸಿತ್ತು. ಬಣ್ಣ ಹೋದ ಕಡೆ ಎರಡು ಲೋಹಗಳ ನಡುವೆ ಉಪ್ಪುಬೆವರು ಇಳಿದರೆ ಅದು ಚಿಕ್ಕ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಏಳುತ್ತದೆ, ಆ ಪುಡಿ ಬಣ್ಣದ ಅಡಿಯಲ್ಲಿ ಹಬ್ಬುತ್ತಾ ಹೋಗುತ್ತದೆ. ಮುಂಭಾಗದಲ್ಲಿ ಗುಳ್ಳೆ ಎದ್ದಾಗ ಜನ ಬಣ್ಣವನ್ನು ದೂರುತ್ತಾರೆ. ಬೋಲ್ಟು ದಾಟಿಹೋಗಿರುವ ಗುರಾಣಿಗಳಲ್ಲಿ ಅದರ ಬೇರು ಹೆಚ್ಚಾಗಿ ಈ ತೂತಿನಲ್ಲೇ ಇರುತ್ತದೆ.

ಬಣ್ಣ ಹೋದ ಉಂಗುರಕ್ಕೆ ತೆಳುವಾಗಿ ಎಪಾಕ್ಸಿ ಪ್ರೈಮರ್ (ತಳಬಣ್ಣ) ಹಚ್ಚಿ ಒಣಗಿಸಿದೆವು. ಪ್ರತಿ ಸ್ಟಡ್‌ಗೆ ಮೊದಲು 1 ಮಿ.ಮೀ. ದಪ್ಪದ ನೈಲಾನ್ ವಾಷರ್, ಮೇಲೆ ಚರ್ಮದ ಪಟ್ಟಿ, ಅದರ ಮೇಲೆ 25 ಮಿ.ಮೀ. ಅಗಲದ ಸ್ಟೇನ್‌ಲೆಸ್ ವಾಷರ್, ಕೊನೆಗೆ ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್ಟು. ಬಿಗಿಯುವ ಅಳತೆ: ವಾಷರ್ ಕೈಯಲ್ಲಿ ತಿರುಗದಷ್ಟು ಬಂದ ಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು. ಅಷ್ಟೇ. ಚರ್ಮ ಅದುಮಿಕೊಂಡು ಮರುದಿನ ಸ್ವಲ್ಪ ಸಡಿಲವಾಗುತ್ತದೆ, ಆಗ ಇನ್ನೊಂದು ಎಂಟನೇ ಒಂದು ಸುತ್ತು. ಕೊನೆಯಲ್ಲಿ ನಟ್ಟಿನಿಂದ ಸ್ಟಡ್ ತುದಿಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದೆವು. ನಟ್ಟು ಸಡಿಲಗೊಂಡರೆ ಗೆರೆ ತುಂಡಾಗಿ ಕಾಣುತ್ತದೆ, ಸ್ಪ್ಯಾನರ್ ಹಾಕಿ ಪರೀಕ್ಷಿಸುವ ಪ್ರಮೇಯವೇ ಇಲ್ಲ.

ನಟ್ಟು ಸಡಿಲವಾಗದಿರಲಿ ಎಂದು ಥ್ರೆಡ್‌ಲಾಕರ್ ದ್ರವ, ಅಂದರೆ ನಟ್ಟಿನ ಸುರುಳಿಯಲ್ಲಿ ಗಟ್ಟಿಯಾಗುವ ಅಂಟು ಬಿಡುವವರಿದ್ದಾರೆ. ಲೋಹದ ಗುರಾಣಿಗೆ ತೊಂದರೆಯಿಲ್ಲ. ಎಬಿಎಸ್ ಗುರಾಣಿಗೆ ಮಾತ್ರ ಅದರ ಹನಿಯೂ ತಾಗಬಾರದು. ಆ ದ್ರವ ಎಬಿಎಸ್, ಅಕ್ರಿಲಿಕ್, ಪಾಲಿಕಾರ್ಬೊನೇಟ್‌ಗಳನ್ನು ತಿನ್ನುತ್ತದೆ. ಬಿಗಿತದಿಂದ ಈಗಾಗಲೇ ಒತ್ತಡದಲ್ಲಿರುವ ಬೋಲ್ಟಿನ ತೂತಿನಲ್ಲಿ ಅದು ಇಳಿದರೆ ಜೇಡನ ಕಾಲಿನಂತೆ ಸೀಳುಗಳು ಹೊರಡುತ್ತವೆ. ಪ್ಲಾಸ್ಟಿಕ್ ಗುರಾಣಿಗೆ ಲಾಕ್ ನಟ್ಟೇ ಸರಿ. ಅದರಲ್ಲೂ ಬೋಲ್ಟಿನ ಸುತ್ತ ಪ್ಲಾಸ್ಟಿಕ್ ಬೆಳ್ಳಗಾಗುತ್ತಿದೆ ಎಂದರೆ ಆಗಲೇ ಹೆಚ್ಚು ಬಿಗಿದಾಗಿದೆ, ತಕ್ಷಣ ಅರ್ಧ ಸುತ್ತು ಹಿಂದೆ ಬರಬೇಕು. ಎಬಿಎಸ್‌ನಲ್ಲಿ ಹೊಸ ತೂತು ಕೊರೆಯುವುದಾದರೆ ಬೋಲ್ಟಿಗಿಂತ ಅರ್ಧ ಮಿ.ಮೀ. ದೊಡ್ಡದಾಗಿ ಕೊರೆದು, ತೂತಿನ ಬಾಯಿಯನ್ನು ತುಸು ಓರೆ ಮಾಡಬೇಕು. 61 ಸೆಂ.ಮೀ. ಎಬಿಎಸ್ ತಟ್ಟೆ 20 ಡಿಗ್ರಿ ಬಿಸಿ ಏರಿದರೆ ಸುಮಾರು 1 ಮಿ.ಮೀ. ಹಿಗ್ಗುತ್ತದೆ. ತೂತಿನಲ್ಲಿ ಜಾಗವಿಲ್ಲದಿದ್ದರೆ ಆ ಹಿಗ್ಗು ಸೀಳಾಗಿ ಹೊರಬರುತ್ತದೆ.

ಚರ್ಮದ ಪಟ್ಟಿಗಳು 38 ಮಿ.ಮೀ. ಅಗಲ, 4 ಮಿ.ಮೀ. ದಪ್ಪ, ಕಂದು ಬಣ್ಣ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಟ್ಟೆಗೆ ಕಂದು ಬಂತು. ಬೆವರಿದ ತೋಳಿಗೂ ಅದು ಹಾಗೇ ಬರುತ್ತದೆ, ಗುರಾಣಿಯ ಒಳಮೈಗೂ ಹತ್ತುತ್ತದೆ. ಬಟ್ಟೆಗೆ ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ, ಒಂದು ದಿನ ನೆರಳಲ್ಲಿ ಒಣಗಿಸಿ, ಚರ್ಮಕ್ಕೆಂದೇ ಇರುವ ಸೀಲರ್ ಎರಡು ಕೈ ಹಚ್ಚಿದೆವು. ಹಿತ್ತಾಳೆ ರಿವೆಟ್‌ನ ಸುತ್ತ ಆಗಲೇ ಹಸಿರು ಮೇಣದಂಥ ಕಿಲುಬು ಕಟ್ಟಿತ್ತು. ಚರ್ಮದ ಎಣ್ಣೆಯೂ ಹಿತ್ತಾಳೆಯ ತಾಮ್ರವೂ ಸೇರಿ ಆಗುವುದು ಅದು. ಮರದ ಹಲ್ಲುಕಡ್ಡಿಯಿಂದ ಕೆರೆದು ತೆಗೆದರೆ ಸಾಕು. ಚರ್ಮಕ್ಕೆ ಎಣ್ಣೆ ಜಾಸ್ತಿ ಉಣಿಸಿದಷ್ಟೂ ಅದು ಮತ್ತೆ ಮತ್ತೆ ಬರುತ್ತದೆ, ಆದ್ದರಿಂದ ಕಂಡೀಷನರ್ ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಡ.

ಗೋಡೆ

ಪಟ್ಟಿಯನ್ನೇ ಮೊಳೆಗೆ ಸಿಕ್ಕಿಸಿ ನೇತುಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕೆಲವೇ ತಿಂಗಳಲ್ಲಿ ಚರ್ಮ ಹಿಗ್ಗಿ, ಮೊಳೆ ತಾಗಿದ ಕಡೆ ಮುರಿದ ಗೆರೆ ಬೀಳುತ್ತದೆ. ತೋಳಿಗೆ ತೊಟ್ಟಾಗ ಪಟ್ಟಿ ಸಡಿಲ. ಸ್ಪ್ರಿಂಗ್ ಇರುವ ತಟ್ಟೆ ಹ್ಯಾಂಗರ್ ಇನ್ನೂ ಕೆಟ್ಟದ್ದು. ಅದರ ನಾಲ್ಕು ಕೊಕ್ಕೆಗಳು ಅಂಚನ್ನು ಕಚ್ಚಿ ಎಳೆಯುತ್ತಲೇ ಇರುತ್ತವೆ, ಮತ್ತು ಗುರಾಣಿಯಲ್ಲಿ ಬಣ್ಣ ಅತಿ ತೆಳುವಾಗಿ ಕೂರುವುದೇ ಅಂಚಿನಲ್ಲಿ.

ನಾವು ಆರಿಸಿದ್ದು ಓರೆ ಪಟ್ಟಿಯ ಜೋಡಿ. 12 ಮಿ.ಮೀ. ಪ್ಲೈವುಡ್ ಹಲಗೆಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿದರೆ ಒಂದರೊಳಗೊಂದು ಕೂರುವ ಎರಡು ಪಟ್ಟಿ ಸಿಗುತ್ತವೆ. ಒಂದು ಗುರಾಣಿಯ ಮೇಲಿನ ಎರಡು ಸ್ಟಡ್‌ಗಳಿಗೆ, ಓರೆ ಬಾಯಿ ಕೆಳಕ್ಕೆ. ಇನ್ನೊಂದು ಗೋಡೆಗೆ, ಓರೆ ಬಾಯಿ ಮೇಲಕ್ಕೆ. ಗುರಾಣಿಯನ್ನು ಮೇಲಿಂದ ಇಳಿಸಿದರೆ ತಾನಾಗಿ ಕೂರುತ್ತದೆ, ಎತ್ತಿದರೆ ಬರುತ್ತದೆ. ಸ್ಟಡ್‌ಗೆ ಬಿಗಿದ ಮರದ ಪಟ್ಟಿ ಮುಂದೋಳಿನ ಮೇಲ್ಬದಿಯಲ್ಲಿ ಉಳಿಯುವುದರಿಂದ ತೊಡುವಾಗ ಬಿಚ್ಚಬೇಕಿಲ್ಲ.

ಇಲ್ಲಿ ಎಡವುವುದು ಆಳದ ಲೆಕ್ಕದಲ್ಲಿ. ಗುರಾಣಿ ಒಳಗೆ ಬಟ್ಟಲಿನಂತಿದೆ. ಅಂಚಿನಿಂದ ಅಂಚಿಗೆ ನೇರ ಪಟ್ಟಿಯಿಟ್ಟು ಅಳೆದಾಗ ನಡುವಿನ ಆಳ 8 ಸೆಂ.ಮೀ., ಸ್ಟಡ್ ಇರುವ ಕಡೆ 6.5 ಸೆಂ.ಮೀ. ಗೋಡೆಗೆ ಸುಮ್ಮನೆ ಓರೆ ಪಟ್ಟಿ ಬಡಿದರೆ ಗುರಾಣಿಯ ಪಟ್ಟಿ ಅದನ್ನು ತಲುಪುವುದೇ ಇಲ್ಲ, ಅಂಚು ಮೊದಲೇ ಗೋಡೆಗೆ ತಾಗಿರುತ್ತದೆ. ಅಂಚು ಗೋಡೆಯಿಂದ 1 ಸೆಂ.ಮೀ. ದೂರ ನಿಲ್ಲಬೇಕೆಂದರೆ ಗೋಡೆಯಿಂದ ಒಳಮೈವರೆಗೆ 75 ಮಿ.ಮೀ. ಅದರಲ್ಲಿ ಚರ್ಮ ಮತ್ತು ವಾಷರ್‌ಗಳಿಗೆ 6, ಓರೆ ಪಟ್ಟಿಗೆ 12 ಕಳೆದರೆ ಉಳಿದದ್ದು 57. ಅಷ್ಟು ದಪ್ಪದ ಮರದ ದಿಮ್ಮಿಯನ್ನು ಗೋಡೆಗೆ ಕೂರಿಸಿ ಅದರ ಮೇಲೆ ಓರೆ ಪಟ್ಟಿ ಹೊಡೆದೆವು. ಪ್ರತಿ ಗುರಾಣಿಯ ಉಬ್ಬು ಬೇರೆ, ಆದ್ದರಿಂದ ನಮ್ಮ 57 ಇನ್ನೊಬ್ಬರ ಅಳತೆಯಲ್ಲ. ಲೆಕ್ಕದ ಕ್ರಮವಷ್ಟೇ ಒಂದೇ.

ಇನ್ನೊಂದು ದಿಮ್ಮಿ ಕೆಳಗೂ ಬೇಕು. ಮೇಲಿನ ಪಟ್ಟಿಯಿಂದ ನೇತಾಡುವ ಗುರಾಣಿಯ ಕೆಳ ಅಂಚು ಗೋಡೆಯ ಕಡೆಗೆ ವಾಲುತ್ತದೆ; ಬಾಗಿಲು ಹಾಕಿದಾಗಲೆಲ್ಲ ಟಕ್ ಟಕ್ ಎಂದು ಗೋಡೆಗೆ ಬಡಿಯುತ್ತದೆ. ಕೆಳಗಿನ ಸ್ಟಡ್‌ಗಳು ಬರುವ ಎತ್ತರದಲ್ಲಿ ಇನ್ನೊಂದು ದಿಮ್ಮಿ ಹೊಡೆದು, ಅದರ ಮುಖಕ್ಕೆ ಉಣ್ಣೆಯ ಫೆಲ್ಟ್ ಅಂಟಿಸಿದೆವು. ಗುರಾಣಿಯ ಭಾರ ಈಗ ಮೇಲೆ ಪಟ್ಟಿಗೆ, ಕೆಳಗೆ ನಟ್ಟಿನ ತಲೆಗೆ. ಬಣ್ಣ ಹಚ್ಚಿದ ಮೈಗೆ ಎಲ್ಲಿಯೂ ಏನೂ ತಾಗುವುದಿಲ್ಲ.

ಸ್ಕ್ರೂ 6 ಮಿ.ಮೀ. ದಪ್ಪ, 120 ಮಿ.ಮೀ. ಉದ್ದ, ಪ್ಲಾಸ್ಟಿಕ್ ಪ್ಲಗ್ 8 ಮಿ.ಮೀ. ದಿಮ್ಮಿಗೆ 57, ಗಾರೆಗೆ 12–13 ಹೋಗಿ ಇಟ್ಟಿಗೆಯೊಳಗೆ 50 ಸಿಗಬೇಕು. ಗಾರೆಯನ್ನು ಲೆಕ್ಕಕ್ಕೆ ಹಿಡಿಯಬಾರದು, ಅದು ಭಾರ ಹೊರುವುದಿಲ್ಲ. ಎರಡು ಕೆ.ಜಿ. ಗುರಾಣಿಗೆ ಇದು ಅತಿಯೆನಿಸಬಹುದು. ಆದರೆ ಭಾರ ಗೋಡೆಯಿಂದ ಮುಂದೆ ಚಾಚಿಕೊಂಡಿದೆ, ಮೇಲಿನ ಸ್ಕ್ರೂವನ್ನು ಹೊರಗೆ ಕೀಳುವಂತೆ ಎಳೆಯುತ್ತಿರುತ್ತದೆ. ತೂಕದ ನಾಲ್ಕು ಪಟ್ಟು ತಾಳುವಂತಿದ್ದರೆ ನಿಶ್ಚಿಂತೆ. ಕೊರೆಯುವ ಮೊದಲು ರಸಮಟ್ಟ ಇಟ್ಟು ಗೆರೆ ಎಳೆದೆವು. ಓರೆ ಪಟ್ಟಿ ಒಂದು ಡಿಗ್ರಿ ಸೊಟ್ಟಗಾದರೂ ನಕ್ಷತ್ರದ ತುದಿ ಎದ್ದು ಕಾಣುವಷ್ಟು ವಾಲುತ್ತದೆ, ಕಣ್ಣು ಪ್ರತಿ ಸಲ ಅಲ್ಲಿಗೇ ಹೋಗುತ್ತದೆ. ನಡುಬಿಂದು ನೆಲದಿಂದ 145 ಸೆಂ.ಮೀ. ಎತ್ತರದಲ್ಲಿದ್ದರೆ ನಿಂತು ನೋಡುವವರ ಕಣ್ಣಿಗೆ ನೇರ ಬರುತ್ತದೆ.

ಗೋಡೆ ಕೊರೆಯಲು ಆಗದವರು ಸ್ಟ್ಯಾಂಡ್ ಬಳಸಬೇಕು. ದುಂಡಗಿನ ಗುರಾಣಿ ಉರುಳುವ ವಸ್ತು ಎಂಬುದನ್ನು ಸ್ಟ್ಯಾಂಡ್ ಮಾಡುವವರು ಮರೆಯುತ್ತಾರೆ. ಅಂಚು ಕೂರುವ ಎರಡು ಕೊಕ್ಕೆಗಳ ನಡುವಿನ ಅಂತರ ಕನಿಷ್ಠ ಗುರಾಣಿಯ ಅರ್ಧ ಅಡ್ಡಳತೆಯಷ್ಟು, ಅಂದರೆ 30 ಸೆಂ.ಮೀ. ಇರಲಿ. ಹಿಂದಕ್ಕೆ 10ರಿಂದ 15 ಡಿಗ್ರಿ ವಾಲಲಿ. 1941ರ ಮಾರ್ಚ್ ತಿಂಗಳ ಮೊದಲ ಕಾಮಿಕ್ಸ್ ಸಂಚಿಕೆಯಲ್ಲಿ ಕ್ಯಾಪ್ಟನ್ ಅಮೆರಿಕ ಹಿಡಿದದ್ದು ಮೂಲೆಗಳಿರುವ ಗುರಾಣಿ, ದುಂಡಗಿನದು ಬಂದದ್ದು ಎರಡನೇ ಸಂಚಿಕೆಯಲ್ಲಿ. ಆ ಹಳೆಯ ಆಕಾರದ ತದ್ರೂಪು ಇಟ್ಟುಕೊಂಡವರು ಕೆಳತುದಿಯ ಮೇಲೆ ನಿಲ್ಲಿಸುವ ಯಾವ ಸ್ಟ್ಯಾಂಡನ್ನೂ ಕೊಳ್ಳಬಾರದು. ಎಲ್ಲ ಭಾರ ಒಂದು ಚೂಪಿನ ಮೇಲೆ ಬಿದ್ದು, ಮೊದಲು ಬಣ್ಣ ಸಿಡಿಯುತ್ತದೆ, ಆಮೇಲೆ ತುದಿ ಮಡಚುತ್ತದೆ.

ಸ್ಟ್ಯಾಂಡಿನ ಕೊಕ್ಕೆಗೆ ರಬ್ಬರ್ ಟೋಪಿ ಅಥವಾ ಪಿವಿಸಿ ಹೊದಿಕೆ ಇದ್ದರೆ ಕಿತ್ತುಹಾಕಿ ಫೆಲ್ಟ್ ಸುತ್ತಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಪಿವಿಸಿಯನ್ನು ಮೆತ್ತಗಿಡಲು ಬೆರೆಸುವ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಬಣ್ಣದೊಳಕ್ಕೆ ಇಳಿಯುತ್ತದೆ. ಬಣ್ಣ ಅಂಟಂಟಾಗಿ, ಕೊನೆಗೆ ಕೊಕ್ಕೆಯ ಜೊತೆಗೇ ಕಿತ್ತು ಬರುತ್ತದೆ. ಕಪ್ಪು ರಬ್ಬರ್ ಬಿಳಿ ಉಂಗುರದ ಮೇಲೆ ಕಂದು ಕಲೆ ಬಿಡುತ್ತದೆ. ಕಲೆ ಬಣ್ಣದ ಒಳಗಿರುವುದರಿಂದ ಎಷ್ಟು ಒರೆಸಿದರೂ ಹೋಗದು. ಮೃದುವಾಗಿದೆ, ಹಿಡಿತ ಇದೆ ಎಂದು ರಬ್ಬರನ್ನು ಆರಿಸುತ್ತಾರೆ, ಆ ಗುಣವೇ ಮುಳುವಾಗುತ್ತದೆ.

ಬೆಳಕಿನ ವಿಷಯ ಚಿಕ್ಕದು: ಕಿಟಕಿಯ ಎದುರು ಬೇಡ. ಬಿಸಿಲಿನ ನೇರಳಾತೀತ ಕಿರಣಕ್ಕೆ ಹೆಚ್ಚಾಗಿ ಮೊದಲು ಸೋಲುವುದು ಕೆಂಪು, ಅದರಲ್ಲೂ ಬೆಳ್ಳಿ ತಳದ ಮೇಲೆ ಪಾರದರ್ಶಕವಾಗಿ ಹೊಡೆದ ಕ್ಯಾಂಡಿ ಕೆಂಪು. ಬಿಳಿ ಎಬಿಎಸ್ ಹಳದಿಗೆ ತಿರುಗುತ್ತದೆ. ಎಲ್‌ಇಡಿ ದೀಪವಾದರೆ ಚಿಂತೆಯಿಲ್ಲ. ಹ್ಯಾಲೊಜೆನ್ ದೀಪ ಹತ್ತಿರದಿಂದ ಬಿಟ್ಟರೆ ಬಿಸಿಯೂ ಸೇರಿಕೊಳ್ಳುತ್ತದೆ.

ತೋಳು

ತೊಡುವ ಮೊದಲು ಉಂಗುರ, ಗಡಿಯಾರ, ಕಡಗ ಎಲ್ಲ ತೆಗೆದಿಡಬೇಕು. ಒಳಮೈಯ ಗೀರುಗಳಲ್ಲಿ ಹೆಚ್ಚಿನವು ಬೆರಳಿನ ಉಂಗುರದವು. ಹಿಡಿಕೆಯ ಪಟ್ಟಿಗೂ ಗುರಾಣಿಯ ಒಳಮೈಗೂ ನಡುವೆ 5.5 ಸೆಂ.ಮೀ. ಎಡೆ ಬಿಟ್ಟೆವು, ಮುಷ್ಟಿ ಬಿಗಿದಾಗ ಗೆಣ್ಣುಗಳು ತಗಡಿಗೆ ತಾಗುವುದಿಲ್ಲ.

ಮುಷ್ಟಿಯ ನಡುವಿನಿಂದ ಮೊಣಕೈ ಮಡಿಕೆಗೆ ಅಳೆದರೆ ದೊಡ್ಡವರ ತೋಳಿನಲ್ಲಿ 30 ಸೆಂ.ಮೀ. ಹತ್ತಿರ. ಹಿಂದಿನ ಪಟ್ಟಿ ಮಡಿಕೆಯಿಂದ 5 ಸೆಂ.ಮೀ. ಮುಂದೆ, ಮುಂದೋಳಿನ ಮಾಂಸದ ಮೇಲೆ ಬರಬೇಕು. ಮಡಿಕೆಗೇ ಏರಿಸಿ ಬಿಗಿದರೆ ಮೊಣಕೈಯ ಒಳಬದಿಯಲ್ಲಿ ಹಾಯುವ ಅಲ್ನಾರ್ ನರ ಅದುಮಿಕೊಂಡು, ಕಿರುಬೆರಳು, ಉಂಗುರಬೆರಳು ಜುಮ್ಮೆನ್ನತೊಡಗುತ್ತವೆ. ಜೋಮು ಹಿಡಿದ ಕೈಯಿಂದ ಗುರಾಣಿ ಜಾರಿ ಬೀಳುವುದು ಸುಲಭ. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಗುರಾಣಿಯ ನಡುಬಿಂದು ಎರಡು ಪಟ್ಟಿಗಳ ನಡುವೆ ಬರುವುದರಿಂದ ತೂಕ ಮುಂದೋಳಿನ ಮೇಲೇ ನಿಲ್ಲುತ್ತದೆ. ಅದು ಬೆರಳಿನ ಕಡೆಗೆ ಸರಿದಿದ್ದರೆ ಹತ್ತು ನಿಮಿಷದಲ್ಲಿ ಮಣಿಕಟ್ಟು ಸೋತು, ಗುರಾಣಿಯ ಕೆಳ ಅಂಚು ತೊಡೆಯ ಕಡೆ ಇಳಿದು ಬೆಲ್ಟಿನ ಬಕಲ್ಲಿಗೆ ಉಜ್ಜುತ್ತದೆ.

ನಕ್ಷತ್ರದ ತುದಿ ಮೇಲೆ ಬರಬೇಕಾದದ್ದು ಯಾವ ಭಂಗಿಯಲ್ಲಿ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮುಂದೋಳನ್ನು ಎದೆಯ ಎದುರು ಅಡ್ಡ ಹಿಡಿದಾಗ ತುದಿ ಮೇಲಿದ್ದರೆ, ಕೈ ಕೆಳಗೆ ಬಿಟ್ಟಾಗ ನಕ್ಷತ್ರ ಕಾಲು ಸುತ್ತು ತಿರುಗುತ್ತದೆ. ಎರಡೂ ಸಿಗುವುದಿಲ್ಲ. ಗೋಡೆಯ ಮೇಲೆ ಕಾಣುವುದೂ ಚಿತ್ರ ತೆಗೆಸಿಕೊಳ್ಳುವುದೂ ಅಡ್ಡ ಹಿಡಿದ ಭಂಗಿಗೆ ಹೊಂದುವುದರಿಂದ ನಾವು ಅದನ್ನೇ ಇಟ್ಟುಕೊಂಡೆವು.

ತೋಳಿಗೂ ತಗಡಿಗೂ ನಡುವೆ 10 ಮಿ.ಮೀ. ದಪ್ಪದ ಇವಿಎ ಮೆತ್ತೆ. ಅದನ್ನು ಒಳಮೈಗೆ ಅಂಟು ಟೇಪಿನಿಂದಾಗಲಿ ಅಂಟುವ ವೆಲ್ಕ್ರೋದಿಂದಾಗಲಿ ಹಚ್ಚಬೇಡಿ. ಮೆತ್ತೆ ಸವೆದು ಬದಲಿಸುವಾಗ ಅಂಟಿನ ಜೊತೆ ಬಣ್ಣವೂ ಬರುತ್ತದೆ. ಮೆತ್ತೆಯ ಎರಡು ತುದಿಗಳನ್ನು ಚರ್ಮದ ಪಟ್ಟಿಗೇ ಹೊಲಿದೆವು. ಹೊಲಿಗೆ ಬಿಚ್ಚಿದರೆ ಮುಗಿಯಿತು.

ತೊಟ್ಟು ನಡೆಯುವಾಗ ಗುರಾಣಿ ದೇಹಕ್ಕಿಂತ ಅಗಲ ಎಂಬುದು ಮರೆತುಹೋಗುತ್ತದೆ. ಬಾಗಿಲ ಚೌಕಟ್ಟಿಗೆ ತಾಗುವುದು ಯಾವಾಗಲೂ ಬೆನ್ನ ಹಿಂದೆ ಉಳಿದ ಅಂಚು. ಬಾಗಿಲು ಬಂದಾಗ ಮೊಣಕೈ ಮಡಚಿ ಗುರಾಣಿಯನ್ನು ಎದೆಗೆ ತಂದು, ಅಡ್ಡವಾಗಿ ತಿರುಗಿ ದಾಟಬೇಕು. ತೊಟ್ಟುಕೊಂಡೇ ಕೂರಬಾರದು, ಕುರ್ಚಿಯ ಕೈಗೆ ಅಂಚು ತಾಗುತ್ತದೆ. ಮೊದಲ ಸಲ 20 ನಿಮಿಷ ಸಾಕು. ಎಸೆಯುವ ಮಾತು ಬೇಡವೇ ಬೇಡ: ತಗಡಿನ ಅಂಚು ಒಂದೇ ಬೀಳಿಗೆ ಮಡಚುತ್ತದೆ, ಎದುರಿಗಿದ್ದವರ ಹಲ್ಲೂ ಹೋಗುತ್ತದೆ. ಕಥಾಪಾತ್ರಗಳ ವೇಷ ತೊಟ್ಟು ಜನ ಸೇರುವ ಕಾಸ್‌ಪ್ಲೇ ಸಮಾವೇಶಗಳಲ್ಲಿ ಲೋಹದ ಗುರಾಣಿಯನ್ನು ಒಳಗೆ ಬಿಡದಿರುವುದು ಸಾಮಾನ್ಯ. ಹೋಗುವ ಮೊದಲೇ ನಿಯಮ ನೋಡಿಕೊಂಡು, ಅಲ್ಲಿಗೆ ಇವಿಎ ಫೋಮಿನದನ್ನು ಒಯ್ಯುವುದು ಒಳ್ಳೆಯದು.

ಬೆನ್ನಿಗೆ ತೊಡಲು ಎಲ್ಲರೂ ಮ್ಯಾಗ್ನೆಟ್ ಕೇಳುತ್ತಾರೆ. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಹಿಡಿಯದು, ಆದ್ದರಿಂದ ಸ್ಟಡ್‌ಗಳಿಗೆ 2 ಮಿ.ಮೀ. ಉಕ್ಕಿನ ತಗಡು ಬಿಗಿಯಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಮ್ಯಾಗ್ನೆಟ್‌ನ ಮೇಲೆ 10 ಕೆ.ಜಿ. ಎಂದು ಬರೆದಿದ್ದರೆ ಅದು ದಪ್ಪ ಉಕ್ಕಿಗೆ ನೇರ ಅಂಟಿಸಿ, ನೇರವಾಗಿ ಹೊರಗೆಳೆದಾಗಿನ ಅಳತೆ. ಬೆನ್ನಿನ ಮೇಲಿನ ಗುರಾಣಿ ಹೊರಕ್ಕಲ್ಲ, ಕೆಳಕ್ಕೆ ಜಾರುತ್ತದೆ. ಜಾರುವ ದಿಕ್ಕಿನಲ್ಲಿ ಆ ಹಿಡಿತದ ಕಾಲು ಭಾಗವೂ ಉಳಿಯದಿರಬಹುದು. ನಡುವೆ 3 ಮಿ.ಮೀ. ಚರ್ಮ ಬಂದರೆ ಇನ್ನೂ ಕುಸಿಯುತ್ತದೆ. ನಿಂತಾಗ ಗಟ್ಟಿಯಾಗಿದ್ದ ಗುರಾಣಿ ಮೆಟ್ಟಿಲಿಳಿಯುವಾಗ ನೆಲಕ್ಕೆ ಬೀಳುವುದು ಇದರಿಂದಲೇ. ಭಾರ ಹೊರಲು ಕೊಕ್ಕೆಯೇ ಬೇಕು. ಬೆನ್ನ ಪಟ್ಟಿಯ ಮೇಲೆ ಮೇಲ್ಮುಖವಾಗಿ ಬಾಗಿದ 4 ಸೆಂ.ಮೀ. ಅಗಲದ ಉಕ್ಕಿನ ನಾಲಿಗೆ ಕೂರಿಸಿ, ಗುರಾಣಿಯ ಮೇಲಿನ ಓರೆ ಪಟ್ಟಿಯನ್ನೇ ಅದರ ಮೇಲೆ ಇಳಿಸಿದೆವು. ಗೋಡೆಯಲ್ಲಿ ನಡೆಯುವುದೇ ಬೆನ್ನಿನಲ್ಲೂ ನಡೆಯಿತು. ಕೆಳಗೆ ಎರಡು ಚಿಕ್ಕ ಮ್ಯಾಗ್ನೆಟ್ ಇಟ್ಟದ್ದು ಗುರಾಣಿ ಬಡಿದಾಡದಿರಲಿ ಎಂದಷ್ಟೇ. ಅವುಗಳಿಗೂ ಚರ್ಮದ ಹೊದಿಕೆ ಬೇಕು. ಬರಿ ನಿಯೋಡಿಮಿಯಂ ಮ್ಯಾಗ್ನೆಟ್ ಎರಡು ಬೆರಳ ದೂರದಿಂದ ಜಿಗಿದು ಬಡಿದರೆ ಬಣ್ಣ ಚಕ್ಕೆ ಏಳುತ್ತದೆ, ಮ್ಯಾಗ್ನೆಟ್ಟೂ ಸೀಳುತ್ತದೆ. ಪೇಸ್‌ಮೇಕರ್ ಇರುವವರು ಇದನ್ನು ತೊಡಬಾರದು, ತೊಟ್ಟವರನ್ನು ಅಪ್ಪಿಕೊಳ್ಳಲೂಬಾರದು.

ಇಳಿಸಿದ ಮೇಲೆ

ತೋಳಿನಿಂದ ಬಿಚ್ಚಿದ ಗುರಾಣಿಯನ್ನು ದಪ್ಪ ಬಟ್ಟೆಯ ಮೇಲೆ ಮುಖ ಮೇಲಾಗಿ ಇಡಿ. ಭಾರ ಸುತ್ತಂಚಿಗೆ ಹಂಚುತ್ತದೆ. ಗೋಡೆಗೆ ಒರಗಿಸಿದರೆ ಉರುಳುತ್ತದೆ. ಬೆವರು ಆರುವ ಮೊದಲೇ ಒಳಮೈ, ಬಕಲ್, ನಟ್ಟುಗಳನ್ನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಬೇಕು. ಚರ್ಮ ಪೂರ್ತಿ ಒಣಗುವವರೆಗೆ ಚೀಲಕ್ಕೆ ಹಾಕಬಾರದು, ಬೂಷ್ಟು ಹಿಡಿಯುತ್ತದೆ.

ಮುಂಭಾಗವನ್ನು ಮುಟ್ಟುವ ಮೊದಲು ಧೂಳನ್ನು ಊದಿ ಅಥವಾ ಮೃದು ಬ್ರಷ್‌ನಿಂದ ಹಾರಿಸಿ. ಆಮೇಲೆ ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಸೌಮ್ಯ ಸೋಪು. ಬಟ್ಟೆ ಓಡಬೇಕಾದದ್ದು ಉಂಗುರಗಳ ಗುಂಟ, ಮೈಯಲ್ಲಿ ಉಜ್ಜಿ ಮೂಡಿಸಿದ ಸಣ್ಣ ಗೆರೆಗಳು ಹೋದ ದಿಕ್ಕಿನಲ್ಲೇ. ಅಡ್ಡ ಒರೆಸಿದರೆ ಬೀಳುವ ಅತಿ ಸಣ್ಣ ಗೀರೂ ಆ ಗೆರೆಗಳನ್ನು ಕತ್ತರಿಸಿ ಹೊಳೆಯುತ್ತದೆ, ಗುಂಟ ಬಿದ್ದದ್ದು ಅವುಗಳಲ್ಲೇ ಕಲೆತುಹೋಗುತ್ತದೆ. ಅಸಿಟೋನ್, ಗಾಜು ಒರೆಸುವ ಅಮೋನಿಯಾ ದ್ರವ ಯಾವ ಗುರಾಣಿಗೂ ಬೇಡ. ವಂಡರ್ ವುಮನ್ ಗುರಾಣಿಯಂತೆ ಕಂಚಿನ ಪುಡಿಯ ಬಂಗಾರ ಬಣ್ಣವಿದ್ದು, ಮೇಲೆ ಕ್ಲಿಯರ್ ಕೋಟ್ ಇಲ್ಲದಿದ್ದರೆ ಬರಿಗೈಯಲ್ಲೂ ಮುಟ್ಟಬೇಡಿ. ಬೆರಳಿನ ಗುರುತು ಕೆಲವೇ ದಿನಗಳಲ್ಲಿ ಕಪ್ಪುಗಂದಾಗಿ ಮೂಡುತ್ತದೆ. ಯುದ್ಧದ ಕಲೆಗಳನ್ನು ಒಣಪುಡಿಯಿಂದ ಮೂಡಿಸಿದ ಗುರಾಣಿಗೆ ಊದುವುದಷ್ಟೇ ಶುಚಿ, ಒರೆಸಿದರೆ ಕಲೆಯೂ ಹೋಗುತ್ತದೆ.

ಸಾಗಿಸಲು 24 ಇಂಚಿನ ಬಾಸ್ ಡ್ರಮ್ಮಿನ ಚೀಲ ಸರಿಹೊಂದುತ್ತದೆ. ಸಿಂಬಲ್ ಚೀಲ ಅಗಲಕ್ಕೆ ಸಾಕೆನಿಸಿದರೂ ಪಟ್ಟಿ ಸೇರಿದ ಗುರಾಣಿಯ ಆಳಕ್ಕೆ ಸಾಲದು, ಜಿಪ್ ಎಳೆಯುವಾಗ ಅಂಚು ಕೆರೆಯುತ್ತದೆ. ಮೊದಲು ತೊಳೆದ ಹತ್ತಿಬಟ್ಟೆಯ ಚೀಲ, ಆಮೇಲೆ 5 ಸೆಂ.ಮೀ. ಫೋಮ್, ಬೆನ್ನಿನ ಬಟ್ಟಲಿನೊಳಗೆ ಮಡಚಿದ ಟವೆಲ್. ವೃತ್ತಪತ್ರಿಕೆ ಸುತ್ತಿದರೆ ಅಕ್ಷರಗಳು ಬಿಳಿ ಉಂಗುರಕ್ಕೆ ಇಳಿಯುತ್ತವೆ.

ಇಷ್ಟಾದರೂ ಅಂಚಿನಲ್ಲಿ ಚಕ್ಕೆ ಎದ್ದರೆ ಉಗುರಿನಿಂದ ಕೀಳುವ ಆಸೆ ಅದುಮಿಕೊಳ್ಳಿ. ಎದ್ದ ಭಾಗದ ಸುತ್ತ 2000 ನಂಬರಿನ ಉಪ್ಪುಕಾಗದವನ್ನು ನೀರಲ್ಲಿ ನೆನೆಸಿ ಹಗುರಾಗಿ ಉಜ್ಜಿ ಅಂಚನ್ನು ಇಳಿಜಾರು ಮಾಡಿ, ಬರಿಯಾದ ಅಲ್ಯೂಮಿನಿಯಂ ಕಂಡ ಕಡೆ ಲೋಹವನ್ನು ಕಚ್ಚಿ ಹಿಡಿಯುವ ಸೆಲ್ಫ್ ಎಚಿಂಗ್ ಪ್ರೈಮರ್, ಆಮೇಲೆ ಬಣ್ಣ, ಆಮೇಲೆ ಕ್ಲಿಯರ್, ಎಲ್ಲ ಹಲ್ಲುಕಡ್ಡಿಯ ತುದಿಯಿಂದ. ಪ್ರೈಮರ್ ಬಿಟ್ಟು ನೇರ ಬಣ್ಣ ತುಂಬಿದರೆ ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಮುಂದಿನ ಒರೆಸುವಿಕೆಗೆ ಗುಳ್ಳೆಯಂತೆ ಎದ್ದು ಬರುತ್ತದೆ.

ಗೋಡೆಗೇರಿಸಿ ಒಂದು ತಿಂಗಳಾದ ಮೇಲೆ ಗುರಾಣಿಯನ್ನು ಇಳಿಸಿ ಬೆನ್ನು ನೋಡಿದೆವು. ಉಗುರುಬಣ್ಣದ ನಾಲ್ಕು ಗೆರೆಗಳಲ್ಲಿ ಮೂರು ನೆಟ್ಟಗಿದ್ದವು. ಹಿಡಿಕೆಯ ಕೆಳಗಿನದು ಅಕ್ಕಿಕಾಳಿನಷ್ಟು ತುಂಡಾಗಿತ್ತು. ಕೆಳದಿಮ್ಮಿಯ ಫೆಲ್ಟ್ ಬಲಬದಿಯಲ್ಲಿ ಹೊಳಪೇರಿ ಅದುಮಿತ್ತು, ಎಡಬದಿಯಲ್ಲಿ ಹೊಸದರಂತೆಯೇ ಇತ್ತು. ಭಾರವೆಲ್ಲ ಒಂದೇ ನಟ್ಟಿನ ಮೇಲಿತ್ತು. ನಟ್ಟನ್ನು ಎಂಟನೇ ಒಂದು ಸುತ್ತು ಬಿಗಿದು, ಎಡಬದಿಯ ಫೆಲ್ಟಿನ ಕೆಳಗೆ 1 ಮಿ.ಮೀ. ರಟ್ಟು ಸೇರಿಸಿ, ಗೆರೆಯನ್ನು ಹೊಸದಾಗಿ ಎಳೆದು ಮತ್ತೆ ಏರಿಸಿದೆವು.